ಏಡಿ ಕಾಲು ಮನೆಯಲ್ಲೇ ಬಿಸಿ ಮಾಡೋದು, ಒಡೆಯೋದು, ಬಡಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಏಡಿ ಕಾಲನ್ನು ಎಷ್ಟು ಹೊತ್ತು ಬೇಯಿಸಬೇಕು?

ಬೇಯಿಸಲೇಬೇಕಾಗಿಲ್ಲ. ಫ್ರೀಜರ್ ಪೊಟ್ಟಣದಲ್ಲಿ ಸಿಗುವ ಏಡಿ ಕಾಲು ಹೆಚ್ಚುಕಡಿಮೆ ಯಾವಾಗಲೂ ಮೊದಲೇ ಬೆಂದಿರುತ್ತದೆ. ಹಿಡಿದ ಏಡಿಯನ್ನು ಹಡಗಿನಲ್ಲೇ ಅಥವಾ ದಡದ ಕಾರ್ಖಾನೆಯಲ್ಲಿ ಬೇಯಿಸಿ, ತಣ್ಣಗೆ ಮಾಡಿ, ಕೂಡಲೇ ಹೆಪ್ಪುಗಟ್ಟಿಸಿರುತ್ತಾರೆ. ನಮಗೆ ಉಳಿದಿರೋದು ಮೆಲ್ಲಗೆ ಬಿಸಿ ಮಾಡುವ ಕೆಲಸ ಮಾತ್ರ. ಮನೆಯಲ್ಲಿ ಏಡಿ ಕಾಲು ಕೆಟ್ಟಿತು ಅಂತ ಹೇಳುವವರನ್ನು ಕೇಳಿ ನೋಡಿ, ಬೆಂದಿದ್ದನ್ನು ಮತ್ತೆ ಬೇಯಿಸಿರುತ್ತಾರೆ, ಅಷ್ಟೇ.

ನಾನು ಮೊದಲ ಸಲ ಮಾಡಿದ್ದೂ ಅದನ್ನೇ. ಕುದಿಯುವ ನೀರಿಗೆ ಹಾಕಿ ಇಪ್ಪತ್ತು ನಿಮಿಷ ಬಿಟ್ಟೆ. ಚಿಪ್ಪು ಒಡೆದರೆ ಮಾಂಸ ಒದ್ದೆ ಹತ್ತಿಯ ಹಾಗೆ ನಾರುನಾರಾಗಿ ಕೈಗೆ ಬಂತು, ಅದರ ಸಿಹಿಯೆಲ್ಲ ನೀರಿಗೆ ಇಳಿದುಹೋಗಿತ್ತು. ಇಷ್ಟು ದುಬಾರಿ ವಸ್ತು ಹಾಗೆ ಹಾಳಾದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಮಾತನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ.

ಮೊದಲೇ ಯಾಕೆ ಬೇಯಿಸುತ್ತಾರೆ? ಹಸಿಯಾಗೇ ಮಾರಬಹುದಲ್ವಾ?

ಏಡಿ ಸತ್ತ ಕೂಡಲೇ ಅದರ ಹೊಟ್ಟೆಯೊಳಗಿನ ಜೀರ್ಣರಸಗಳು ಅದರದೇ ಮಾಂಸವನ್ನು ಕರಗಿಸಲು ಶುರು ಮಾಡುತ್ತವೆ. ಬ್ಯಾಕ್ಟೀರಿಯಾ ಕೂಡ ಬೇಗ ಬೆಳೆಯುತ್ತದೆ. ಮೀನಿನ ಹಾಗೆ ಐಸ್ ಮೇಲೆ ಇಟ್ಟು ಎರಡು ದಿನ ಮಾರೋದು ಆಗುವುದಿಲ್ಲ. ಆದ್ದರಿಂದ ಏಡಿ ಒಂದೋ ಜೀವಂತ ಸಿಗಬೇಕು, ಇಲ್ಲಾ ಬೆಂದದ್ದು ಸಿಗಬೇಕು. ಯಾವಾಗ ಸತ್ತಿತು ಅಂತ ಗೊತ್ತಿಲ್ಲದ ಹಸಿ ಏಡಿಯನ್ನು ಮಾತ್ರ ಮನೆಗೆ ತರಬೇಡಿ.

ನನ್ನ ಹತ್ತಿರ ಇರೋದು ಬೆಂದದ್ದೋ ಹಸಿಯೋ ಹೇಗೆ ತಿಳಿಯೋದು?

ಬಣ್ಣ ನೋಡಿ. ಕಿತ್ತಳೆ ಅಥವಾ ಕೆಂಪು ಇದ್ದರೆ ಬೆಂದಿದೆ. ಏಡಿಯ ಚಿಪ್ಪಿನಲ್ಲಿ ಅಸ್ಟಾಕ್ಸಾಂಥಿನ್ ಅನ್ನುವ ಕೆಂಪು ಬಣ್ಣ ಮೊದಲಿನಿಂದಲೂ ಇರುತ್ತದೆ, ಆದರೆ ಜೀವಂತ ಇರುವಾಗ ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಾವು ತಗುಲಿದಾಗ ಆ ಪ್ರೋಟೀನ್ ಸಡಿಲವಾಗಿ ಕೆಂಪು ಹೊರಗೆ ಕಾಣುತ್ತದೆ. ಕೆಲವು ಜಾತಿಯ ಏಡಿ ಹಸಿ ಇದ್ದಾಗಲೇ ಸ್ವಲ್ಪ ಕೆಂಪಾಗಿರುತ್ತದೆ, ಹಾಗಾಗಿ ಪೊಟ್ಟಣದ ಮೇಲಿನ ಬರಹವನ್ನೂ ಓದಿ. ಕಾಲು ಮುರಿದ ಕಡೆ ಮಾಂಸ ಅಚ್ಚ ಬಿಳಿಯಾಗಿದ್ದರೆ ಬೆಂದಿದೆ, ಮಸುಕು ಗಾಜಿನ ಹಾಗೆ ಅರೆಪಾರದರ್ಶಕವಾಗಿದ್ದರೆ ಹಸಿ.

ಸ್ನೋ, ಕಿಂಗ್, ಡಂಜನೆಸ್ ಅಂತ ಬರೆದಿರುತ್ತಾರೆ. ಯಾವುದು ತಗೊಳ್ಳಲಿ?

ಮೊದಲ ಸಲ ಆದರೆ ಸ್ನೋ ಕ್ರ್ಯಾಬ್. ಕಾಲು ಸಣ್ಣ, ಚಿಪ್ಪು ತೆಳು, ಕೈಯಲ್ಲೇ ಮುರಿಯಬಹುದು. ಮಾಂಸ ಸಿಹಿ, ಎಳೆ ಎಳೆಯಾಗಿ ಬಿಡುತ್ತದೆ. ಇದು ಗೊಂಚಲಾಗಿ ಸಿಗುತ್ತದೆ. ಒಂದು ಗೊಂಚಲು ಅಂದರೆ ಏಡಿಯ ಒಂದು ಪಕ್ಕ: ನಾಲ್ಕು ಕಾಲು, ಒಂದು ಕೊಂಡಿ, ಅವು ಕೂಡುವ ಹೆಗಲಿನ ಭಾಗ. ಆ ಹೆಗಲಿನಲ್ಲೂ ಒಳ್ಳೆಯ ಮಾಂಸ ಇರುತ್ತದೆ, ಬಿಸಾಡಬೇಡಿ.

ಕಿಂಗ್ ಕ್ರ್ಯಾಬ್ ಬೇರೆಯೇ ಲೋಕ. ದೊಡ್ಡ ಗಂಡು ಏಡಿ ಎರಡೂ ಕಡೆ ಕಾಲು ಚಾಚಿದರೆ ಒಂದೂವರೆ ಮೀಟರ್ ದಾಟುತ್ತದೆ. ಒಂದು ಕಾಲಿನಿಂದ ತೆಗೆದ ಮಾಂಸವೇ ತಟ್ಟೆಯ ಉದ್ದಕ್ಕೂ ಮಲಗುತ್ತದೆ. ಅಂದ ಹಾಗೆ ಜೀವಶಾಸ್ತ್ರದ ಲೆಕ್ಕದಲ್ಲಿ ಇದು ನಿಜವಾದ ಏಡಿಯೇ ಅಲ್ಲ, ಖಾಲಿ ಶಂಖದೊಳಗೆ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಯ ನೆಂಟ. ನೋಡಿದರೆ ನಿಮಗೇ ಗೊತ್ತಾಗುತ್ತದೆ. ಒಂದು ಪಕ್ಕಕ್ಕೆ ಕೊಂಡಿ ಬಿಟ್ಟರೆ ಮೂರೇ ಕಾಲು ಕಾಣುತ್ತವೆ, ಕೊನೆಯ ಪುಟ್ಟ ಜೋಡಿ ಚಿಪ್ಪಿನ ಅಡಿಯಲ್ಲಿ ಮಡಚಿಕೊಂಡಿರುತ್ತದೆ.

ಡಂಜನೆಸ್ ರುಚಿಯಲ್ಲಿ ಯಾವುದಕ್ಕೂ ಕಡಿಮೆ ಇಲ್ಲ, ಆದರೆ ಅದರ ಮಾಂಸ ಹೆಚ್ಚಾಗಿ ಮೈಯಲ್ಲಿ ಇರುತ್ತದೆ. ಬರೀ ಕಾಲಿಗಾಗಿ ಅದನ್ನು ತರೋದು ಲಾಭ ಇಲ್ಲ.

ಇಷ್ಟು ದುಬಾರಿ ಯಾಕೆ? ಕೆಲವು ವರ್ಷ ಸಿಗಲೇ ಇಲ್ಲವಲ್ಲ?

ಸಮುದ್ರದಲ್ಲೇ ಇರಲಿಲ್ಲ. 2018 ಮತ್ತು 2019ರಲ್ಲಿ ಅಲಾಸ್ಕಾ ಮತ್ತು ರಷ್ಯಾ ನಡುವಿನ ಬೇರಿಂಗ್ ಸಮುದ್ರದ ನೀರು ವಾಡಿಕೆಗಿಂತ ತುಂಬಾ ಬಿಸಿಯಾಯಿತು. ಸ್ನೋ ಕ್ರ್ಯಾಬ್ ತಣ್ಣೀರಿನ ಪ್ರಾಣಿ. ನೀರು ಬಿಸಿಯಾದಷ್ಟೂ ಅದರ ಮೈಗೆ ಜಾಸ್ತಿ ಆಹಾರ ಬೇಕು, ಆದರೆ ಅಷ್ಟು ಆಹಾರ ಅಲ್ಲಿ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಸುಮಾರು 1000 ಕೋಟಿ ಏಡಿಗಳು ಕಾಣೆಯಾದವು. ಹಸಿವಿನಿಂದಲೇ ಸತ್ತವು ಅಂತ ವಿಜ್ಞಾನಿಗಳು 2023ರಲ್ಲಿ ತೀರ್ಮಾನಕ್ಕೆ ಬಂದರು. ಅಲಾಸ್ಕಾದಲ್ಲಿ 2022ರಲ್ಲಿ ಮೊತ್ತಮೊದಲ ಬಾರಿಗೆ ಸ್ನೋ ಕ್ರ್ಯಾಬ್ ಹಿಡಿಯುವುದನ್ನೇ ನಿಲ್ಲಿಸಿದರು. 2024ರಲ್ಲಿ ಸಣ್ಣ ಪ್ರಮಾಣದಲ್ಲಿ ಮತ್ತೆ ಹಿಡಿಯಲು ಬಿಟ್ಟರು. ಅಲ್ಲಿನ ಬ್ರಿಸ್ಟಲ್ ಕೊಲ್ಲಿಯ ಕೆಂಪು ಕಿಂಗ್ ಕ್ರ್ಯಾಬ್ ಕೂಡ 2021ರಿಂದ ಎರಡು ಋತು ಬಂದ್ ಆಗಿತ್ತು.

ಇನ್ನೊಂದು ಕಡೆ ಇದಕ್ಕೆ ಪೂರ್ತಿ ಉಲ್ಟಾ ಕಥೆ. 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಕಿಂಗ್ ಕ್ರ್ಯಾಬನ್ನು ರಷ್ಯಾ, ನಾರ್ವೆಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರಕ್ಕೆ ತಂದು ಬಿಟ್ಟರು. ಅದು ಬೆಳೆದು ಹರಡಿ ನಾರ್ವೆಯ ಕರಾವಳಿ ತನಕ ಬಂತು. ಇನ್ನೂ ಪಶ್ಚಿಮಕ್ಕೆ ಹೋಗದಿರಲಿ ಅಂತ ನಾರ್ವೆಯವರು 26 ಡಿಗ್ರಿ ಪೂರ್ವ ರೇಖಾಂಶದಿಂದ ಆಚೆ ಪಶ್ಚಿಮದಲ್ಲಿ ಎಷ್ಟು ಬೇಕಾದರೂ ಹಿಡಿಯಲು ಬಿಟ್ಟಿದ್ದಾರೆ. ಪೊಟ್ಟಣದ ಮೇಲೆ ಎಲ್ಲಿ ಹಿಡಿದದ್ದು ಅಂತ ಬರೆದಿರುತ್ತದೆ, ಒಮ್ಮೆ ಕಣ್ಣಾಡಿಸಿ.

ಒಬ್ಬರಿಗೆ ಎಷ್ಟು ಬೇಕು?

ಚಿಪ್ಪಿನ ಸಮೇತ ತೂಕದಲ್ಲಿ ಸುಮಾರು ಅರ್ಧ ಮಾಂಸ ಅಂತ ಲೆಕ್ಕ ಇಟ್ಟುಕೊಳ್ಳಿ. ಊಟಕ್ಕೆ ಅದೇ ಮುಖ್ಯ ಅಂದರೆ ಒಬ್ಬರಿಗೆ 500ರಿಂದ 700 ಗ್ರಾಂ. ಪಕ್ಕದಲ್ಲಿ ಬೇರೆ ಅಡುಗೆ ಇದ್ದರೆ 300 ಗ್ರಾಂ ಸಾಕು.

ಒಂದು ಎಚ್ಚರಿಕೆ. ಹೆಪ್ಪುಗಟ್ಟಿಸಿದ ಕಾಲಿನ ಮೇಲೆ ಒಣಗದಿರಲಿ ಅಂತ ತೆಳುವಾದ ಐಸ್ ಪದರ ಕೊಟ್ಟಿರುತ್ತಾರೆ. ಅದು ಬೇಕು, ಆದರೆ ತೀರಾ ದಪ್ಪ ಇದ್ದರೆ ನೀವು ನೀರಿಗೆ ದುಡ್ಡು ಕೊಟ್ಟ ಹಾಗೆ. ನಾನು ಒಮ್ಮೆ ತಂದ ಪೊಟ್ಟಣದಲ್ಲಿ ಐಸ್ ಕರಗಿದ ಮೇಲೆ ತಟ್ಟೆಯಲ್ಲಿ ಒಂದು ಲೋಟ ನೀರು ನಿಂತಿತ್ತು, ಕಾಲು ನೋಡಿದರೆ ಕಡ್ಡಿಯ ಹಾಗೆ ಸಣ್ಣ. ಐಸ್ ಬಿಟ್ಟು ನಿವ್ವಳ ತೂಕ ಎಷ್ಟು ಅಂತ ಬರೆದಿದೆಯೇ ನೋಡಿ ತಗೊಳ್ಳಿ.

ಚಿಪ್ಪಿನ ಮೇಲೆ ಕಪ್ಪು ಕಪ್ಪು ಚುಕ್ಕೆ ಅಂಟಿಕೊಂಡಿದೆ. ಹಾಳಾಗಿದೆಯಾ?

ಇಲ್ಲ. ಸ್ನೋ ಕ್ರ್ಯಾಬ್ ಮೇಲೆ ಮೆಣಸಿನ ಕಾಳಿನ ಹಾಗೆ ಕಾಣುವ ಆ ಗುಬುಟುಗಳು ಕಡಲ ಜಿಗಣೆ ಮೊಟ್ಟೆ ಇಟ್ಟ ಗೂಡುಗಳು. ಕೇಳಲು ಅಸಹ್ಯ ಅನ್ನಿಸಬಹುದು. ಅವು ಚಿಪ್ಪಿನ ಹೊರಗೆ ಮಾತ್ರ ಇರುತ್ತವೆ, ಮಾಂಸಕ್ಕೆ ಸಂಬಂಧ ಇಲ್ಲ. ನಿಜಕ್ಕೂ ಅದು ಒಳ್ಳೆಯ ಗುರುತು. ಏಡಿ ಬೆಳೆಯುವಾಗ ಹಳೆ ಚಿಪ್ಪು ಕಳಚಿ ಹೊಸದು ತೊಡುತ್ತದೆ, ಹೊಸ ಚಿಪ್ಪಿನೊಳಗೆ ಕೆಲವು ತಿಂಗಳು ಮಾಂಸ ಕಡಿಮೆ, ನೀರು ಜಾಸ್ತಿ. ಚುಕ್ಕೆ ಇದೆ ಅಂದರೆ ಆ ಚಿಪ್ಪು ಹಳೆಯದು, ಒಳಗೆ ಮಾಂಸ ತುಂಬಿಕೊಂಡಿದೆ. ನಾನಂತೂ ಚುಕ್ಕೆ ಇರುವುದನ್ನೇ ಆರಿಸಿ ತರುತ್ತೇನೆ. ಬೇಕಿದ್ದರೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ.

ಮಾಂಸ ಅಲ್ಲಲ್ಲಿ ನೀಲಿ, ಬೂದು ಇದೆ. ಕೀಲಿನ ಹತ್ತಿರ ಕಪ್ಪಾಗಿದೆ. ತಿನ್ನಬಹುದಾ?

ನೀಲಿ ಬಣ್ಣ ಏಡಿಯ ರಕ್ತದ್ದು. ನಮ್ಮ ರಕ್ತದಲ್ಲಿ ಕಬ್ಬಿಣ ಇದ್ದ ಹಾಗೆ ಅದರಲ್ಲಿ ತಾಮ್ರ ಇರುತ್ತದೆ. ಕೀಲಿನ ಕಪ್ಪು, ಹೆಚ್ಚಿಟ್ಟ ಸೇಬು ಕಪ್ಪಾಗುತ್ತದಲ್ಲ, ಅದೇ ಥರದ್ದು. ಎರಡರಿಂದಲೂ ತೊಂದರೆ ಇಲ್ಲ. ಮೂಗನ್ನು ನಂಬಿ. ಒಳ್ಳೆಯ ಏಡಿಗೆ ಕಡಲಿನ ತಿಳಿ ವಾಸನೆ, ಸ್ವಲ್ಪ ಸಿಹಿ. ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಎಷ್ಟೇ ದುಡ್ಡು ಕೊಟ್ಟಿದ್ದರೂ ಬಿಸಾಡಿ.

ಐಸ್ ಬಿಡಿಸೋದು ಹೇಗೆ?

ಹಿಂದಿನ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ ಇಡಿ. ಅಂಚಿರುವ ತಟ್ಟೆ ಕೆಳಗಿರಲಿ, ನೀರು ಸೋರುತ್ತದೆ. ಎಂಟರಿಂದ ಹನ್ನೆರಡು ಗಂಟೆಯಲ್ಲಿ ಬಿಟ್ಟುಕೊಳ್ಳುತ್ತದೆ. ಕಿಂಗ್ ಕ್ರ್ಯಾಬ್ ದಪ್ಪ ಇದ್ದರೆ ಇನ್ನೂ ಸ್ವಲ್ಪ ಹೊತ್ತು.

ಮರೆತುಬಿಟ್ಟಿರಾ? ಗಾಳಿ ಆಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಣ್ಣೀರಿನ ನಲ್ಲಿಯ ಕೆಳಗೆ ಇಪ್ಪತ್ತು ಮೂವತ್ತು ನಿಮಿಷ ಇಡಿ. ಚೀಲ ಯಾಕೆ ಅಂದರೆ ನೇರವಾಗಿ ನೀರು ತಾಗಿದರೆ ರುಚಿ ತೊಳೆದುಹೋಗುತ್ತದೆ. ಬಿಸಿನೀರು ಬೇಡ, ಮೇಜಿನ ಮೇಲೆ ಇಡೀ ದಿನ ಬಿಡೋದಂತೂ ಬೇಡವೇ ಬೇಡ. ಹಬೆಯಲ್ಲಿ ಬಿಸಿ ಮಾಡೋದಾದರೆ ಐಸ್ ಬಿಡಿಸದೇ ಹಾಗೇ ಹಾಕಬಹುದು, ನಾಲ್ಕು ನಿಮಿಷ ಜಾಸ್ತಿ ಕೊಡಿ.

ಬಿಸಿ ಮಾಡೋಕೆ ಯಾವ ವಿಧಾನ ಒಳ್ಳೆಯದು?

ಹಬೆ. ಬೇರೆ ಎಲ್ಲವನ್ನೂ ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಹಬೆಯಲ್ಲಿ ಮಾಂಸ ಒಣಗುವುದಿಲ್ಲ, ನೀರಿಗೂ ಬೀಳುವುದಿಲ್ಲ.

ಅಗಲವಾದ ದೊಡ್ಡ ಪಾತ್ರೆಯಲ್ಲಿ ಎರಡು ಬೆರಳಷ್ಟು ನೀರು ಹಾಕಿ. ಅದರ ಮೇಲೆ ತೂತಿನ ತಟ್ಟೆ ಇಡಿ. ತಟ್ಟೆ ನೀರಿಗೆ ತಾಗಬಾರದು. ನೀರು ಜೋರಾಗಿ ಕುದಿದು ಹಬೆ ಬಂದ ಮೇಲೆ ಕಾಲುಗಳನ್ನು ಜೋಡಿಸಿ, ಉದ್ದ ಆದರೆ ಕೀಲಿನಲ್ಲಿ ಮಡಚಿ, ಮುಚ್ಚಳ ಮುಚ್ಚಿ. ಐಸ್ ಬಿಟ್ಟ ಸ್ನೋ ಕ್ರ್ಯಾಬ್‌ಗೆ ನಾಲ್ಕೈದು ನಿಮಿಷ. ಕಿಂಗ್ ಕ್ರ್ಯಾಬ್‌ಗೆ ಆರರಿಂದ ಎಂಟು. ಒಂದರ ಮೇಲೊಂದು ತುಂಬಾ ಒಟ್ಟಬೇಡಿ, ಕೆಳಗಿನದು ಬಿಸಿಯಾಗಿ ಮೇಲಿನದು ತಣ್ಣಗೇ ಉಳಿಯುತ್ತದೆ. ಮುಚ್ಚಳ ತೆಗೆದಾಗ ಬೆಚ್ಚನೆಯ ಸಿಹಿ ವಾಸನೆ ಮುಖಕ್ಕೆ ಬಡಿದು ಅಡುಗೆಮನೆಯೆಲ್ಲ ಹರಡಿದರೆ ಆಯಿತು ಅಂತ ತಿಳಿಯಿರಿ. ಅನುಮಾನ ಇದ್ದರೆ ಒಂದು ದಪ್ಪ ಕಾಲಿನ ಕೀಲು ಮುರಿದು ಮಾಂಸ ಮುಟ್ಟಿ ನೋಡಿ, ನಡುವೆಯೂ ಬಿಸಿ ಇರಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಅವನ್ ಆದರೆ 190 ಡಿಗ್ರಿ ಸೆಲ್ಸಿಯಸ್, ಟ್ರೇನಲ್ಲಿ ಅರ್ಧ ಲೋಟ ನೀರು, ಮೇಲೆ ಫಾಯಿಲ್ ಬಿಗಿಯಾಗಿ ಮುಚ್ಚಿ ಹತ್ತು ನಿಮಿಷ. ಜನ ಜಾಸ್ತಿ ಇದ್ದಾಗ ಇದೇ ಅನುಕೂಲ, ಒಟ್ಟಿಗೆ ತುಂಬಾ ಹಿಡಿಯುತ್ತದೆ. ಗ್ರಿಲ್ ಆದರೆ ಚಿಪ್ಪಿಗೆ ಎಣ್ಣೆ ಸವರಿ ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ, ನಡುವೆ ಒಮ್ಮೆ ತಿರುವಿ. ಹೊಗೆಯ ರುಚಿ ಕಿಂಗ್ ಕ್ರ್ಯಾಬ್‌ಗೆ ಚೆನ್ನಾಗಿ ಹೊಂದುತ್ತದೆ, ಸ್ನೋ ಕ್ರ್ಯಾಬ್ ತೆಳು, ಒಣಗಿಬಿಡುತ್ತದೆ. ಮೈಕ್ರೋವೇವ್ ಒಬ್ಬರಿಗೆ ಸಾಕು: ಮೂರು ನಾಲ್ಕು ಕಾಲನ್ನು ಒದ್ದೆ ಪೇಪರ್ ಟವೆಲ್‌ನಲ್ಲಿ ಸುತ್ತಿ ಎರಡು ಮೂರು ನಿಮಿಷ. ಕುದಿಸಲೇಬೇಕು ಅಂತಿದ್ದರೆ ನಾಲ್ಕು ನಿಮಿಷಕ್ಕೆ ಹೊರಗೆ ತೆಗೆಯಿರಿ, ನೀರು ಪೂರ್ತಿ ಬಸಿಯಿರಿ.

ನೀರಿಗೆ ಉಪ್ಪು, ಮಸಾಲೆ ಹಾಕಲಾ?

ಉಪ್ಪು ಬೇಡ. ಹೆಪ್ಪುಗಟ್ಟಿಸುವಾಗ ಹೆಚ್ಚಾಗಿ ತಣ್ಣನೆಯ ಉಪ್ಪುನೀರಲ್ಲಿ ಅದ್ದುತ್ತಾರೆ, ಆಗಲೇ ಒಳಗೆ ಉಪ್ಪು ಇಳಿದಿರುತ್ತದೆ. 100 ಗ್ರಾಂ ಕಿಂಗ್ ಕ್ರ್ಯಾಬ್ ಮಾಂಸದಲ್ಲಿ ಸುಮಾರು 1 ಗ್ರಾಂ ಸೋಡಿಯಂ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 2 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಇರುವವರು ಇದನ್ನು ಗಮನದಲ್ಲಿ ಇಡಿ. ಬೆಣ್ಣೆಯೂ ಉಪ್ಪಿಲ್ಲದ್ದೇ ಇರಲಿ.

ಹಬೆಯ ನೀರಿಗೆ ನಿಂಬೆ ಹೋಳು, ಬೆಳ್ಳುಳ್ಳಿ, ಬಿರಿಯಾನಿ ಎಲೆ ಹಾಕಬಹುದು. ಚಿಪ್ಪು ದಾಟಿ ಒಳಗೆ ಹೋಗೋದು ಅಷ್ಟಕ್ಕಷ್ಟೇ. ರುಚಿ ಬೇಕಾದರೆ ಅದ್ದಿಕೊಳ್ಳುವ ಬೆಣ್ಣೆಗೆ ಹಾಕಿ.

ಒಡೆಯೋದು ಹೇಗೆ? ನಾನು ಒಡೆದರೆ ಬರೀ ಚೂರು ಚೂರು ಬರುತ್ತದೆ.

ಸುತ್ತಿಗೆ ತೆಗೆದುಕೊಂಡರೆ ಹಾಗೇ ಆಗುತ್ತದೆ. ಚಿಪ್ಪಿನ ಚೂರು ಮಾಂಸಕ್ಕೆ ಸೇರಿ ಬಾಯಿಗೆ ಚುಚ್ಚುತ್ತದೆ. ಬಲ ಬೇಡ, ತಾಳ್ಮೆ ಬೇಕು.

ಸ್ನೋ ಕ್ರ್ಯಾಬ್ ಕಾಲನ್ನು ಮೊದಲು ಹೆಗಲಿನಿಂದ ತಿರುಗಿಸಿ ಬಿಡಿಸಿ. ಈಗ ಕೀಲಿನ ಎರಡೂ ಬದಿ ಹಿಡಿದು, ಅದು ಸಹಜವಾಗಿ ಮಡಚುವ ಕಡೆಗೆ ಒಮ್ಮೆ, ಉಲ್ಟಾ ಕಡೆಗೆ ಒಮ್ಮೆ ಬಗ್ಗಿಸಿ. ಲಟಕ್ ಅಂತ ಸದ್ದು ಬರುತ್ತದೆ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಕಿತ್ತುಬಿಡಬೇಡಿ, ನಿಧಾನಕ್ಕೆ ನೇರವಾಗಿ ಎಳೆಯಿರಿ. ಕೀಲಿನ ತುದಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಹಾಗೆ ಬಿಳಿ ಅಲಗು ಒಂದು ಹೊರಗೆ ಬರುತ್ತದೆ. ಮಾಂಸ ಅದಕ್ಕೆ ಅಂಟಿಕೊಂಡಿರುತ್ತದೆ. ಅದು ಇಡಿಯಾಗಿ ಬಂದರೆ ಮಾಂಸವೂ ಅದರ ಹಿಂದೆಯೇ ಸರಕ್ಕನೆ ಜಾರಿ ಬರುತ್ತದೆ, ಕೆಂಪು ಅಂಚಿನ ಬಿಳಿ ಬತ್ತಿಯ ಹಾಗೆ. ಅಲಗು ತುಂಡಾಯಿತೋ, ಮಾಂಸ ಒಳಗೇ ಉಳಿಯಿತು ಅಂತಲೇ ಲೆಕ್ಕ. ಆಗ ಕತ್ತರಿ ತಗೊಳ್ಳಿ.

ಕಿಂಗ್ ಕ್ರ್ಯಾಬ್‌ಗೆ ಮೊದಲೇ ಕತ್ತರಿ. ಅದರ ಮೇಲೆ ಚೂಪು ಮುಳ್ಳು ಇರುತ್ತವೆ, ಬರಿಗೈಯಲ್ಲಿ ಹಿಡಿಯಬೇಡಿ, ದಪ್ಪ ಬಟ್ಟೆ ಸುತ್ತಿ. ಕಾಲನ್ನು ತಿರುಗಿಸಿ ನೋಡಿ, ಒಂದು ಬದಿ ಕಡುಕೆಂಪು, ಇನ್ನೊಂದು ಬದಿ ಬಿಳಿಚಿಕೊಂಡು ಸ್ವಲ್ಪ ಮೆತ್ತಗಿರುತ್ತದೆ. ಬಿಳಿ ಬದಿಯಲ್ಲಿ ಅಡುಗೆಮನೆ ಕತ್ತರಿಯ ತುದಿ ತೂರಿಸಿ, ಮಾಂಸ ಕುಯ್ಯದ ಹಾಗೆ ಚಿಪ್ಪಿಗೆ ಒತ್ತಿಕೊಂಡು ಉದ್ದಕ್ಕೂ ಕತ್ತರಿಸಿ. ಆಮೇಲೆ ಬಟಾಣಿ ಕಾಯಿ ಬಿಡಿಸಿದ ಹಾಗೆ ಎರಡೂ ಹೆಬ್ಬೆರಳಿನಿಂದ ಅಗಲಿಸಿ. ಮಾಂಸ ಇಡಿಯಾಗಿ ಎದ್ದು ಬರುತ್ತದೆ. ಬಡಿಸುವ ಮೊದಲೇ ನೀವು ಹೀಗೆ ಸೀಳಿಟ್ಟರೆ ಮಕ್ಕಳಿಗೆ, ವಯಸ್ಸಾದವರಿಗೆ ತುಂಬಾ ಸುಲಭ.

ಕೊಂಡಿಗೆ ಮಾತ್ರ ಚಿಪ್ಪು ಒಡೆಯುವ ಇಕ್ಕಳ (ಕ್ರ್ಯಾಕರ್) ಅಥವಾ ಚಾಕುವಿನ ಹಿಂಬದಿ ಬೇಕು. ಬಟ್ಟೆ ಮುಚ್ಚಿ ಒಂದೇ ಏಟು, ಬಿರುಕು ಬಿಟ್ಟರೆ ಸಾಕು.

ಮಾಂಸ ಚಿಪ್ಪಿಗೆ ಗಟ್ಟಿಯಾಗಿ ಅಂಟಿದೆ, ಯಾಕೆ?

ಹೆಚ್ಚಾಗಿ ಅತಿಯಾಗಿ ಕಾಯಿಸಿದ್ದಕ್ಕೆ. ಇಲ್ಲವೇ ಫ್ರೀಜರ್‌ನಲ್ಲಿ ತುಂಬಾ ತಿಂಗಳು ಇದ್ದು ಒಣಗಿರುತ್ತದೆ.

ಬೆಣ್ಣೆ ಹೇಗೆ ತಯಾರು ಮಾಡಲಿ?

ಸುಮ್ನೆ ಕರಗಿಸಿ ಇಟ್ಟರೂ ನಡೆಯುತ್ತದೆ, ಆದರೆ ಐದು ನಿಮಿಷ ಕೊಟ್ಟರೆ ಎಷ್ಟೋ ಚೆನ್ನಾಗಿರುತ್ತದೆ. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 80 ಭಾಗ, ಮಿಕ್ಕದ್ದು ನೀರು ಮತ್ತು ಹಾಲಿನ ಅಂಶ. ಸಣ್ಣ ಉರಿಯಲ್ಲಿ ಕರಗಿಸಿ, ಮೇಲಿನ ನೊರೆ ತೆಗೆದು, ತಳದ ಬಿಳಿ ಅಂಶ ಬಿಟ್ಟು ನಡುವಿನ ತಿಳಿ ಹಳದಿಯನ್ನು ಮಾತ್ರ ಬಸಿದುಕೊಳ್ಳಿ. ತುಪ್ಪದ ತನಕ ಕಾಯಿಸಬೇಡಿ. ತುಪ್ಪದ ಘಮ ಏಡಿಯ ಸಿಹಿಯನ್ನು ಮುಚ್ಚಿಬಿಡುತ್ತದೆ. ಒಬ್ಬರಿಗೆ 40 ಗ್ರಾಂ ಬೆಣ್ಣೆ ಸಾಕು. ಅರ್ಧಕ್ಕೆ ನಿಂಬೆರಸ ಹಿಂಡಿ, ಇನ್ನರ್ಧದಲ್ಲಿ ಜಜ್ಜಿದ ಬೆಳ್ಳುಳ್ಳಿ ಬೆಚ್ಚಗೆ ಮಾಡಿ. ಬೆಣ್ಣೆ ಬೇಗ ಹೆಪ್ಪುಗಟ್ಟುತ್ತದೆ, ಬಟ್ಟಲನ್ನು ಬಿಸಿನೀರಿನ ತಟ್ಟೆಯಲ್ಲಿ ಕೂರಿಸಿ ಇಡಿ.

ಮೇಜಿನ ಮೇಲೆ ಬಡಿಸೋದು ಹೇಗೆ?

ಎಲ್ಲರೂ ಕೂತ ಮೇಲೆ ಹಬೆಗೆ ಹಾಕಿ. ಏಡಿ ಕಾಲು ಕಾಯುವುದಿಲ್ಲ, ಹತ್ತು ನಿಮಿಷಕ್ಕೆ ತಣ್ಣಗಾಗುತ್ತದೆ. ಜನ ಜಾಸ್ತಿ ಇದ್ದರೆ ಎರಡು ಸರದಿಯಲ್ಲಿ ಬಿಸಿ ಮಾಡಿ, ಮೊದಲ ತಟ್ಟೆ ಖಾಲಿಯಾಗುವಷ್ಟರಲ್ಲಿ ಎರಡನೆಯದು ಬರಲಿ. ಮೇಜಿಗೆ ಹಳೇ ಪೇಪರ್ ಹಾಸಿ. ಚಿಪ್ಪಿಗೆ ಖಾಲಿ ಪಾತ್ರೆ, ಇಬ್ಬರಿಗೆ ಒಂದರಂತೆ ಕತ್ತರಿ, ಮಾಂಸ ಕೆದಕಲು ಸಣ್ಣ ಫೋರ್ಕ್, ನಿಂಬೆ ಹಾಕಿದ ಬೆಚ್ಚಗಿನ ನೀರು, ಒದ್ದೆ ಟವೆಲ್ ಇರಲಿ. ಪಕ್ಕಕ್ಕೆ ಬೇಯಿಸಿದ ಆಲೂಗಡ್ಡೆ, ಜೋಳದ ತೆನೆ, ಬ್ರೆಡ್, ಹುಳಿ ಇರುವ ಸಲಾಡ್, ಇಷ್ಟರಲ್ಲಿ ಒಂದೆರಡು ಸಾಕು. ಖಾರದ ಗ್ರೇವಿ ಪಕ್ಕಕ್ಕೆ ಇಡಬೇಡಿ, ಏಡಿಯ ನವಿರು ರುಚಿ ಅದರ ಮುಂದೆ ಗೊತ್ತೇ ಆಗುವುದಿಲ್ಲ.

ಸೀಗಡಿ ಅಲರ್ಜಿ ಇರುವವರು ಚಿಪ್ಪು ತೆಗೆದು ತಿನ್ನಬಹುದಾ?

ಬೇಡ. ಅಲರ್ಜಿ ಮಾಡುವ ಟ್ರೋಪೋಮಯೋಸಿನ್ ಅನ್ನುವ ಪ್ರೋಟೀನ್ ಮಾಂಸದಲ್ಲೇ ಇರುತ್ತದೆ, ಸೀಗಡಿಯಲ್ಲೂ ಏಡಿಯಲ್ಲೂ ಹೆಚ್ಚುಕಡಿಮೆ ಒಂದೇ, ಬೇಯಿಸಿದರೂ ಹೋಗುವುದಿಲ್ಲ. ಕೆಲವರಿಗೆ ಬೇಯುವಾಗಿನ ಹಬೆ ಉಸಿರಾಡಿದರೂ ತೊಂದರೆ ಆಗುತ್ತದೆ. ನೆಂಟರನ್ನು ಕರೆಯುವಾಗಲೇ ಕೇಳಿಕೊಳ್ಳಿ.

ಗರ್ಭಿಣಿಯರು ತಿನ್ನಬಹುದಾ?

ಚೆನ್ನಾಗಿ ಬಿಸಿ ಮಾಡಿ ತಿನ್ನಬಹುದು. ಬೆಂದದ್ದೇ ಅಂತ ಫ್ರಿಜ್‌ನಿಂದ ತೆಗೆದು ತಣ್ಣಗೇ ತಿನ್ನೋದು ಬೇಡ. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಮಾಂಸದ ನಡುವೆ 74 ಡಿಗ್ರಿ ಸೆಲ್ಸಿಯಸ್ ಆಗುವ ತನಕ ಬಿಸಿ ಮಾಡಿ. ಸ್ವಲ್ಪ ಗಟ್ಟಿಯಾದರೂ ಚಿಂತೆ ಇಲ್ಲ.

ಕ್ರ್ಯಾಬ್ ಸ್ಟಿಕ್ ಅಂತ ಸಿಗುತ್ತದಲ್ಲ, ಅದೂ ಇದೇನಾ?

ಅಲ್ಲ. ಅದು ಮೀನು, ಹೆಚ್ಚಾಗಿ ಪೊಲಾಕ್. ಅರೆದು, ಪಿಷ್ಟ ಮತ್ತು ಏಡಿಯ ರುಚಿ ಸೇರಿಸಿ, ಮೇಲೆ ಕೆಂಪು ಬಣ್ಣ ಬಳಿದಿರುತ್ತಾರೆ. 1970ರ ದಶಕದಲ್ಲಿ ಜಪಾನಿನಲ್ಲಿ ಶುರುವಾದದ್ದು. ಸಲಾಡ್‌ಗೆ ಚೆನ್ನಾಗಿರುತ್ತದೆ, ಬೆಣ್ಣೆಯ ಜೊತೆ ತಿನ್ನಲು ಅಲ್ಲ.

ಉಳಿದರೆ ಏನು ಮಾಡಲಿ?

ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಅವತ್ತೇ ರಾತ್ರಿ ಮಾಂಸ ಬಿಡಿಸಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿ, ಎರಡು ಮೂರು ದಿನದೊಳಗೆ ಮುಗಿಸಿ. ಐಸ್ ಬಿಡಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಿದರೆ ಮಾಂಸ ನೀರು ಬಿಟ್ಟು ಸಪ್ಪೆಯಾಗುತ್ತದೆ. ಮತ್ತೆ ಬಿಸಿ ಮಾಡುವುದಕ್ಕಿಂತ ಆಮ್ಲೆಟ್, ನೂಡಲ್ಸ್, ಫ್ರೈಡ್ ರೈಸ್‌ಗೆ ಕೊನೆಯ ಒಂದು ನಿಮಿಷದಲ್ಲಿ ಸೇರಿಸಿ.

ಚಿಪ್ಪನ್ನೂ ಎಸೆಯಬೇಡಿ. ತೊಳೆದು, ಸ್ವಲ್ಪ ಎಣ್ಣೆಯಲ್ಲಿ ಈರುಳ್ಳಿಯ ಜೊತೆ ಬಾಡಿಸಿ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಮೂವತ್ತು ನಲವತ್ತು ನಿಮಿಷ ಕುದಿಸಿ. ಅದಕ್ಕಿಂತ ಜಾಸ್ತಿ ಆದರೆ ಕಹಿ ಬರುತ್ತದೆ. ಚೂರು ಉಳಿಯದಂತೆ ಬಟ್ಟೆಯಲ್ಲಿ ಸೋಸಿ. ಸೂಪಿಗೆ, ಅನ್ನ ಬೇಯಿಸಲು ಅದೇ ನೀರು.

ಚಿಪ್ಪಿನ ವಾಸನೆಯಿಂದ ಮನೆ ನಾರುತ್ತದೆ, ಏನು ಮಾಡಲಿ?

ಚೀಲದಲ್ಲಿ ಗಂಟು ಕಟ್ಟಿ ಕಸದವರು ಬರುವ ದಿನದ ತನಕ ಫ್ರೀಜರ್‌ನಲ್ಲಿ ಇಡಿ. ಕೈಗೆ ನಿಂಬೆ ಸಿಪ್ಪೆ ಉಜ್ಜಿ, ಆಮೇಲೆ ಸೋಪು.